ಸುಳ್ಳಾಡದೆ ಸುಳ್ಳು ಹೇಳುವ ಟೀವಿ



ಈಚೆಗೆ ಒಂದು ಸಭೆ ಮುಗಿದು ಜಮಖಾನ ಸುತ್ತುತ್ತಿದ್ದೆವು. ಹಾಸ್ಟೆಲಿನ ಹುಡುಗನೊಬ್ಬ ನಮ್ಮನ್ನು ಹಿಡಿದು ನಿಲ್ಲಿಸಿದ. 'ಅಣ್ಣಾ, ಟೀವಿಯಲ್ಲಿ ಬರೋ ಚುನಾವಣೆ ಜಾಹೀರಾತೆಲ್ಲ ಮೋಸ ಅಂತೀರಿ. ನಾನು ಕೂತು ನೋಡ್ದೆ. ಅದರಲ್ಲಿ ಹೇಳಿದ ಒಂದೊಂದು ಮಾತೂ ನಿಜ. ಮತ್ತೆ ಮೋಸ ಎಲ್ಲಿದೆ?' ಅಂದ. ಆ ರಾತ್ರಿ ನಮಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಈಗ ಬರೆಯುತ್ತಿದ್ದೇವೆ. ಅದಕ್ಕೆ ಅಮೆರಿಕದವರೆಗೂ ಹೋಗಬೇಕು. ಈ ವಿದ್ಯೆಯಲ್ಲಿ ಪಳಗಿದವರು ಅವರೇ. 1952ರಲ್ಲೇ ಐಸೆನ್‌ಹೋವರ್‌ರನ್ನು ಸೋಪು ಮಾರಿದ ಹಾಗೆ ಟೀವಿಯಲ್ಲಿ ಮಾರಿದವರು.

1988ರ ಅಧ್ಯಕ್ಷ ಚುನಾವಣೆ. ರಿಪಬ್ಲಿಕನ್ ಪಕ್ಷದಿಂದ ಜಾರ್ಜ್ ಬುಷ್, ಅಂದರೆ ಅಪ್ಪ ಬುಷ್. ಡೆಮಾಕ್ರಟಿಕ್ ಪಕ್ಷದಿಂದ ಮೆಸಾಚುಸೆಟ್ಸ್ ರಾಜ್ಯದ ಗವರ್ನರ್ ಮೈಕೆಲ್ ಡುಕಾಕಿಸ್. ಜುಲೈ ತಿಂಗಳ ಗ್ಯಾಲಪ್ ಸಮೀಕ್ಷೆಯಲ್ಲಿ ಡುಕಾಕಿಸ್ ಶೇಕಡಾ 17ರಷ್ಟು ಮುಂದಿದ್ದರು. ಬುಷ್ ಪ್ರಚಾರದ ಮೇಸ್ತ್ರಿ ಲೀ ಆಟ್‌ವಾಟರ್‌ಗೆ ಒಂದು ಆಯುಧ ಬೇಕಾಗಿತ್ತು. ಸಿಕ್ಕಿತು.

ಮೆಸಾಚುಸೆಟ್ಸ್‌ನಲ್ಲಿ ಕೈದಿಗಳಿಗೆ ಆಗಾಗ ರಜೆ ಕೊಟ್ಟು ಹೊರಗೆ ಬಿಡುವ ಪದ್ಧತಿ ಇತ್ತು. ನಮ್ಮ ಕಡೆ ಪೆರೋಲ್ ಮೇಲೆ ಬಿಟ್ಟರು ಅಂತಾರಲ್ಲ, ಅಂಥದ್ದು. ಕೊಲೆ ಕೇಸಿನಲ್ಲಿ ಬಿಡುಗಡೆಯೇ ಇಲ್ಲದ ಜೀವಾವಧಿ ಶಿಕ್ಷೆಯಾಗಿದ್ದ ಹಾರ್ಟನ್ ಎಂಬ ಕಪ್ಪು ಮನುಷ್ಯ 1986ರಲ್ಲಿ ಹೀಗೆ ರಜೆ ಮೇಲೆ ಹೋದವನು ವಾಪಸು ಬರಲಿಲ್ಲ. 1987ರಲ್ಲಿ ಮೇರಿಲ್ಯಾಂಡ್‌ನಲ್ಲಿ ಒಂದು ಮನೆಗೆ ನುಗ್ಗಿ ಗಂಡಸಿಗೆ ಇರಿದ, ಹೆಂಗಸಿನ ಮೇಲೆ ಅತ್ಯಾಚಾರ ಮಾಡಿದ. ಇದು ನಡೆದದ್ದು. ಆ ಇಬ್ಬರು ಪಟ್ಟ ನೋವು ನಿಜ. ನಾವು ಹಾರ್ಟನ್‌ನ ವಕೀಲರಲ್ಲ.

ಇನ್ನು ಜಾಹೀರಾತಿಗೆ ಬರೋಣ. ಮೂವತ್ತೇ ಸೆಕೆಂಡು. ಬುಷ್ ಮರಣದಂಡನೆಯ ಪರ, ಡುಕಾಕಿಸ್ ಕೊಲೆಗಾರರಿಗೆ ರಜೆ ಕೊಡುವವರು ಎಂದು ಒಂದು ದನಿ ಹೇಳುತ್ತದೆ. ಆಮೇಲೆ ಪೊಲೀಸರು ತೆಗೆದ ಹಾರ್ಟನ್‌ನ ಫೋಟೋ. ಗಡ್ಡ, ಕೆದರಿದ ಕೂದಲು, ಕಪ್ಪು ಮುಖ. ಬಣ್ಣದ ಬಗ್ಗೆ ಒಂದು ಮಾತೂ ಇಲ್ಲ. ಬೇಕಾಗಿಯೂ ಇರಲಿಲ್ಲ. ಅವನ ಹೆಸರು ವಿಲಿಯಂ. ಜಾಹೀರಾತಿನಲ್ಲಿ ಅವನು 'ವಿಲ್ಲಿ'. ನಮ್ಮೂರ ಗೌಡರ ಬಾಯಲ್ಲಿ ರಂಗಯ್ಯ ರಂಗ ಆಗುವುದು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೇಳದೆ ಬಿಟ್ಟದ್ದೇನು? ಈ ರಜೆ ಪದ್ಧತಿ 1972ರಲ್ಲಿ ಶುರುವಾದದ್ದು ರಿಪಬ್ಲಿಕನ್ ಗವರ್ನರ್ ಕಾಲದಲ್ಲಿ. ರೇಗನ್ ಕ್ಯಾಲಿಫೋರ್ನಿಯಾದ ಗವರ್ನರ್ ಆಗಿದ್ದಾಗ ಅಲ್ಲೂ ಇತ್ತು. ಬುಷ್ ಉಪಾಧ್ಯಕ್ಷರಾಗಿದ್ದ ಕಾಲಕ್ಕೆ ಕೇಂದ್ರದ ಜೈಲುಗಳಲ್ಲೂ ಇತ್ತು. ಡುಕಾಕಿಸ್ ಪೂರ್ತಿ ನಿರ್ದೋಷಿ ಅಲ್ಲ. ಕೊಲೆಗಾರರಿಗೆ ರಜೆ ನಿಲ್ಲಿಸುವ ಮಸೂದೆಯನ್ನು 1976ರಲ್ಲಿ ಅವರು ತಡೆದಿದ್ದರು. ಆದರೆ 1988ರ ಏಪ್ರಿಲ್‌ನಲ್ಲಿ ಅವರೇ ಸಹಿ ಹಾಕಿ ಅದನ್ನು ನಿಲ್ಲಿಸಿದ್ದರು. ಜಾಹೀರಾತು ಬಂದದ್ದು ಸೆಪ್ಟೆಂಬರಿನಲ್ಲಿ.

ಅದನ್ನು ಮಾಡಿದ್ದು ಬುಷ್ ಪ್ರಚಾರ ಸಮಿತಿಯಲ್ಲ, ಹೊರಗಿನ ಒಂದು ಗುಂಪು. ಅಭ್ಯರ್ಥಿಯ ಜೊತೆ ಸೇರದೆ ಎಷ್ಟು ಬೇಕಾದರೂ ಖರ್ಚು ಮಾಡಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1976ರಲ್ಲೇ ಹೇಳಿತ್ತು. ಕೊಳೆ ಅವರ ಕೈಗೆ, ಓಟು ಇವರ ಪೆಟ್ಟಿಗೆಗೆ. ಅಕ್ಟೋಬರಿನಲ್ಲಿ ಬುಷ್ ಸಮಿತಿಯೇ ಇನ್ನೊಂದನ್ನು ಬಿಟ್ಟಿತು. ಅದರಲ್ಲಿ ಹಾರ್ಟನ್ ಇಲ್ಲ. ಕೈದಿಗಳು ತಿರುಗುವ ಗೇಟಿನಲ್ಲಿ ಒಳಗೆ ಹೋಗಿ ಹಾಗೇ ಹೊರಗೆ ಬರುತ್ತಾರೆ. ದನಿ ಕೊಲೆಗಾರರ ರಜೆಯ ಬಗ್ಗೆ ಹೇಳುತ್ತಿರುವಾಗ ತೆರೆಯ ಮೇಲೆ ಅಕ್ಷರ: 268 ಮಂದಿ ಪರಾರಿ. ನೋಡಿದವನು ಏನಂದುಕೊಳ್ಳುತ್ತಾನೆ? 268 ಕೊಲೆಗಾರರು! 268 ಎಂಬ ಲೆಕ್ಕ ಸರಿ. ಆದರೆ ಅದು ಹಲವು ವರ್ಷಗಳಲ್ಲಿ ರಜೆ ಪಡೆದ 11,000ಕ್ಕೂ ಹೆಚ್ಚು ಕೈದಿಗಳಲ್ಲಿ, ಎಲ್ಲ ಬಗೆಯವರೂ ಸೇರಿ, ತಪ್ಪಿಸಿಕೊಂಡವರ ಲೆಕ್ಕ. ಹಾರ್ಟನ್‌ನಂಥ ಶಿಕ್ಷೆಯಾದವರು ಅದರಲ್ಲಿ ನಾಲ್ಕೇ ಜನ.

ತಮ್ಮಾ, ಮೋಸ ಇರೋದು ಇಲ್ಲಿ. ಒಂದು ನಿಜದ ಪಕ್ಕ ಇನ್ನೊಂದು ನಿಜ ಇಟ್ಟು, ನಡುವಿನ ಸುಳ್ಳನ್ನು ನಿನ್ನ ತಲೆಯಲ್ಲೇ ಹುಟ್ಟಿಸುತ್ತಾರೆ. ಸಾವಿರಾರು ಜನರಲ್ಲಿ ಒಬ್ಬನನ್ನು ಆರಿಸಿ, ಇಡೀ ಜನಾಂಗದ ಮುಖ ಇದೇ ಅನ್ನುವ ಹಾಗೆ ತೋರಿಸುತ್ತಾರೆ. ಮನೆಯಿಂದ ಬರುವ ಹುಡುಗ ಕಾಲೇಜಿನಲ್ಲಿ ಹೊಡೆದಾಡಿದರೆ ಅವನ ಹೆಸರು ಮಾತ್ರ ಹೇಳುತ್ತಾರೆ. ನಮ್ಮವನು ಹೊಡೆದಾಡಿದರೆ 'ಹಾಸ್ಟೆಲ್ ಹುಡುಗರು' ಅಂತಾರೆ. 1871ರಲ್ಲಿ ಬ್ರಿಟಿಷರು ಕಾನೂನು ಮಾಡಿ ಎಷ್ಟೋ ಬುಡಕಟ್ಟುಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂದರು. ಆ ಕಾನೂನು 1952ರಲ್ಲಿ ಹೋಯಿತು. ಊರಲ್ಲಿ ಕಳವಾದರೆ ಪೊಲೀಸಿನವನು ಈಗಲೂ ಮೊದಲು ಯಾವ ಗುಡಿಸಲಿಗೆ ಹೋಗುತ್ತಾನೆ?

ಡುಕಾಕಿಸ್ ಬಹಳ ದಿನ ಬಾಯಿಯೇ ಬಿಡಲಿಲ್ಲ. ಇದು ಜನಾಂಗ ದ್ವೇಷ ಎಂದು ಕಪ್ಪು ಜನರ ನಾಯಕ ಜೆಸ್ಸಿ ಜಾಕ್ಸನ್ ಬಹಿರಂಗವಾಗಿ ಹೇಳಿದ್ದು ಅಕ್ಟೋಬರಿನಲ್ಲಿ. ಹಾಗೆ ಹೇಳಿದ ಮೇಲೆ ಜಾಹೀರಾತಿನ ಕಸುವು ಇಳಿಯಿತು ಎಂದು ಟಾಲಿ ಮೆಂಡೆಲ್‌ಬರ್ಗ್ ಎಂಬ ವಿದ್ವಾಂಸೆ 2001ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದಾರೆ. ಅಷ್ಟರಲ್ಲಿ ಹೊತ್ತು ಮೀರಿತ್ತು. ಬುಷ್ 40 ರಾಜ್ಯ ಗೆದ್ದರು. ಒಂದೇ ಜಾಹೀರಾತಿನಿಂದ ಗೆದ್ದರು ಅಂತ ನಾವು ಹೇಳುವುದಿಲ್ಲ.

ನಮಗೆ ಹೆಚ್ಚು ನೋವಾದದ್ದು ಡುಕಾಕಿಸ್ ಕೊಟ್ಟ ಉತ್ತರದಿಂದ. ಕೇಂದ್ರದ ಜೈಲಿನಿಂದ ರಜೆಯ ಮೇಲೆ ಹೋಗಿ ಕೊಲೆ ಮಾಡಿದ ಒಬ್ಬನನ್ನು ಹುಡುಕಿ ಅವರೂ ಜಾಹೀರಾತು ಮಾಡಿದರು. ಅವನು ಸ್ಪ್ಯಾನಿಷ್ ಮೂಲದವನು. ನಮ್ಮ ಪರ ಅಂದುಕೊಂಡ ಪಕ್ಷ ಕೂಡ ತೋರಿಸಲು ಆರಿಸಿದ್ದು ಬಡ ಕೇರಿಯ ಮುಖವನ್ನೇ.

ಆಟ್‌ವಾಟರ್ 1991ರಲ್ಲಿ ಮೆದುಳಿನ ಗೆಡ್ಡೆಯಿಂದ ಸತ್ತ. ಸಾಯುವ ಮುಂಚೆ ಡುಕಾಕಿಸ್‌ರ ಕ್ಷಮೆ ಕೇಳಿದ, ತಾನು ಜನಾಂಗ ದ್ವೇಷಿ ಅಲ್ಲ ಅಂತಲೂ ಸೇರಿಸಿದ. ಕಪ್ಪು ಜನರ ಕ್ಷಮೆ ಯಾರು ಕೇಳಬೇಕೋ!

ನಮ್ಮ ಖಾಸಗಿ ಟೀವಿಗಳಲ್ಲಿ ರಾಜಕೀಯ ಜಾಹೀರಾತಿಗೆ ಸುಪ್ರೀಂ ಕೋರ್ಟ್ 2004ರಲ್ಲಿ ದಾರಿ ಬಿಟ್ಟಿತು. ಮೊದಲು ಸಮಿತಿಯೊಂದು ನೋಡಿ ಒಪ್ಪಬೇಕು. ಸಮಿತಿ ಮಾತನ್ನು ತೂಗೀತು. ಯಾರ ಮುಖವನ್ನು ಯಾವ ಮಾತಿನ ಪಕ್ಕ ಇಟ್ಟರು ಅನ್ನುವುದನ್ನು ತೂಗುವುದು ಕಷ್ಟ. ಆ ಕೆಲಸ ಹಾಸ್ಟೆಲಿನಲ್ಲೇ ಆಗಲಿ. ಮುಂದಿನ ಚುನಾವಣೆಗೆ ಟೀವಿ ಆಗಲಿ ಫೋನು ಆಗಲಿ, ಜಾಹೀರಾತನ್ನು ಒಂದು ಸಲ ಸೌಂಡು ಮುಚ್ಚಿ ನೋಡಿ. ಕಳ್ಳ ಅಂದಾಗ ಯಾರು ಬಂದರು, ದೇಶ ಅಂದಾಗ ಯಾರು ಬಂದರು, ಒಂದು ಹಾಳೆಯಲ್ಲಿ ಬರೆದುಕೊಂಡು ಸಭೆಗೆ ತನ್ನಿ. ಚೆನ್ನಾಗಿರುವುದನ್ನು ಸ್ಟೆನ್ಸಿಲ್ ಹೊಡೆದು ಇಲ್ಲೇ ಹಾಕುತ್ತೇವೆ.