ಹಲ್ಲಿನ ಕ್ಯಾಪೂ ವಸಡಿನ ಆರೋಗ್ಯವೂ

ಹಲ್ಲಿಗೆ ಕ್ಯಾಪ್ ಹಾಕಿಸಿಕೊಳ್ಳುವವರು ಕೇಳುವ ಪ್ರಶ್ನೆಗಳು ಮೂರೇ: ಬಣ್ಣ ಹೊಂದುತ್ತದೆಯೇ, ಎಷ್ಟು ವರ್ಷ ಬಾಳುತ್ತದೆ, ಬೆಲೆ ಎಷ್ಟು? ಜೆ.ಪಿ. ನಗರದಲ್ಲೂ ಕುಮಾರಸ್ವಾಮಿ ಬಡಾವಣೆಯಲ್ಲೂ ದಂತ ವೈದ್ಯಕೀಯ ಕಾಲೇಜುಗಳೇ ಇರುವ ನಮ್ಮ ದಕ್ಷಿಣ ಬೆಂಗಳೂರಿನಲ್ಲೂ ನಾಲ್ಕನೆಯ ಪ್ರಶ್ನೆ ಕೇಳುವವರು ವಿರಳ: "ಇದರ ಸುತ್ತ ನಾನು ಶುಚಿ ಮಾಡಿಕೊಳ್ಳಬಲ್ಲೆನೇ?"

ನಾನೂ ಕೇಳಲಿಲ್ಲ. ಜಯನಗರದಲ್ಲಿ ನನ್ನ ದವಡೆಹಲ್ಲಿಗೆ ಹಾಕಿದ ಕ್ಯಾಪ್ ನೋಡಲು ಮುತ್ತಿನಂತಿತ್ತು. ಕೆಲವೇ ತಿಂಗಳಲ್ಲಿ ವಸಡು ಊದಿ ರಕ್ತ ಒಸರತೊಡಗಿತು. "ಮೇಷ್ಟ್ರೇ, ನೀವು ಸರಿಯಾಗಿ ಉಜ್ಜುತ್ತಿಲ್ಲ, ವಯಸ್ಸೂ ಆಯಿತಲ್ಲ" ಎಂದರು. ಇನ್ನೊಬ್ಬ ವೈದ್ಯರು ಎಕ್ಸ್‌ರೇ ತೆಗೆದು ತೋರಿಸಿದಾಗ ನಿಜ ತಿಳಿಯಿತು. ಕ್ಯಾಪಿನ ಅಂಚು ವಸಡಿನೊಳಗೆ ಆಳಕ್ಕೆ ಇಳಿದಿತ್ತು. ಪಕ್ಕವು ಉಬ್ಬಿ ಫ್ಲಾಸ್ ದಾರವೂ ತೂರದಂತಾಗಿತ್ತು. ಬಾಗಿಲಿಲ್ಲದ ಕೋಣೆ ಕಟ್ಟಿಕೊಟ್ಟು, ಗುಡಿಸಿಲ್ಲವೆಂದು ಮನೆಯವರನ್ನು ಗದರಿದಂತಾಯಿತು.

ಇದು ಹೊಸ ಜ್ಞಾನವೇನಲ್ಲ. ವಸಡಿನ ಸಂದಿನ ತಳದಿಂದ ಮೂಳೆಯ ಅಂಚಿನವರೆಗೆ ಹಲ್ಲಿಗೆ ಅಂಟಿಕೊಂಡಿರುವ ಅಂಗಾಂಶದ ಪಟ್ಟಿ ಸರಾಸರಿ 2 ಮಿಲಿಮೀಟರಿನಷ್ಟು ಎಂದು 1961ರಲ್ಲೇ ಅಳೆದು ಪ್ರಕಟಿಸಿದ್ದಾರೆ. ಕ್ಯಾಪಿನ ಅಂಚು ಅದನ್ನು ಅತಿಕ್ರಮಿಸಿದರೆ ಉರಿಯೂತ, ಮೂಳೆಯ ಸವೆತ. 1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು, ಆರೋಗ್ಯವಂತರು ಹಲ್ಲುಜ್ಜುವುದನ್ನು ನಿಲ್ಲಿಸಿದರೆ ಮೂರು ವಾರದೊಳಗೆ ವಸಡು ಊದಿಕೊಳ್ಳುವುದನ್ನೂ, ಮತ್ತೆ ಉಜ್ಜಿದರೆ ಗುಣವಾಗುವುದನ್ನೂ ತೋರಿಸಿದರು. ಬ್ರಷ್ ತಲುಪದ ಕ್ಯಾಪನ್ನು ಕೂರಿಸಿದರೆ, ಅಷ್ಟು ಜಾಗದಲ್ಲಿ ಉಜ್ಜುವುದನ್ನು ಶಾಶ್ವತವಾಗಿ ನಿಲ್ಲಿಸಿದಂತೆಯೇ ಅಲ್ಲವೇ?

ಉಬ್ಬಿದ ಕ್ಯಾಪಿಗೆ ಲ್ಯಾಬಿನವರನ್ನು ದೂರುವುದುಂಟು. ಎಷ್ಟೋ ಸಲ ಅವರು ನಿರುಪಾಯರು. ವೈದ್ಯರು ಹಲ್ಲನ್ನು ಸಾಕಷ್ಟು ಅರೆಯದಿದ್ದರೆ, ಕ್ಯಾಪಿಗೆ ಬೇಕಾದ ದಪ್ಪವು ಹೊರಗೇ ಉಬ್ಬಬೇಕಲ್ಲದೆ ಬೇರೆ ದಾರಿಯಿಲ್ಲ. ಇನ್ನು ಅಂದದ ಮಾತು. ನಗುವಾಗ ಕಾಣುವ ಮುಂದಿನ ಹಲ್ಲಿನ ಅಂಚನ್ನು ವಸಡಿನಡಿ ತುಸುವೇ ಮರೆಮಾಡಲಿ, ಒಪ್ಪುತ್ತೇನೆ. ಯಾರಿಗೂ ಕಾಣದ ದವಡೆಹಲ್ಲಿಗೆ ಆ ಶೃಂಗಾರವೇಕೆ? ಹುಳುಕು ವಸಡಿನ ಕೆಳಗೇ ಇಳಿದಿದ್ದರೆ ಅಂಚೂ ಇಳಿಯಬೇಕಾದೀತು. ಆಗ ವಸಡನ್ನೂ ಅಗತ್ಯವಿದ್ದರೆ ಮೂಳೆಯನ್ನೂ ಸರಿಪಡಿಸುವ ಶಸ್ತ್ರಚಿಕಿತ್ಸೆಯುಂಟು. ಅದನ್ನು ಮೊದಲೇ ತಿಳಿಸುವುದು ಧರ್ಮ.

ನನ್ನ ಶಿಷ್ಯರಲ್ಲಿ ದಂತವೈದ್ಯರಾದವರಿದ್ದೀರಿ. ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ: ಅಂಟಿಸುವ ಮುನ್ನ ಕ್ಯಾಪನ್ನು ಕೂರಿಸಿ ನೋಡುವಾಗ ರೋಗಿಯ ಕೈಗೆ ಕನ್ನಡಿ ಕೊಡಿ, ದಾರವನ್ನೂ ಸಂದಿನ ಪುಟ್ಟ ಬ್ರಷ್ಷನ್ನೂ ಅವರಿಂದಲೇ ಹಾಯಿಸಿ ನೋಡಿ. ಹಾಯದಿದ್ದರೆ ಅಂಟಿಸಬೇಡಿ. ಉಳಿದವರು, ಬಂಧುಗಳು, ಆ ನಾಲ್ಕನೆಯ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಿ. ನಾನು ಎರಡನೆಯ ಬಾರಿ ಹಣ ತೆತ್ತು ಬೇರೆ ಕ್ಯಾಪ್ ಹಾಕಿಸಿಕೊಂಡೆ. ವಸಡು ಗುಣವಾಯಿತು, ಸವೆದ ಮೂಳೆ ಮಾತ್ರ ಮರಳಲಿಲ್ಲ.