ಚಂದಾ ಕಟ್ಟಿ ಚೆಂಡು ನೋಡುವುದು

ತಿಂಗಳ ಕೊನೆಗೆ ಜಮಾಖರ್ಚಿನ ಪುಸ್ತಕ ಬಿಡಿಸಿಕೊಂಡು ಕೂಡುವ ಗೃಹಸ್ಥರು ನಮ್ಮ ವಾಚಕರಲ್ಲಿ ಇನ್ನೂ ಬಹಳ ಮಂದಿ ಇದ್ದಾರೆಂಬುದನ್ನು ನಾವು ಬಲ್ಲೆವು. ಹಾಲು, ದಿನಸಿ, ಹುಡುಗರ ಫೀಜು, ಸೊಸೈಟಿಯ ವಂತಿಗೆ, ಊರಿಗೆ ಕಳಿಸುವ ಹಣ, ವರ್ಷಕ್ಕೊಮ್ಮೆ ಸಂಘದ ಚಂದಾ: ಈ ಬಾಬ್ತುಗಳೆಲ್ಲ ಹಳೆಯವು, ಅವುಗಳ ಮೇಲೆ ಯಾರಿಗೂ ಮುನಿಸಿಲ್ಲ. ಈಚಿನ ವರ್ಷಗಳಲ್ಲಿ ಅವುಗಳ ಸಾಲಿಗೆ ಇನ್ನೊಂದು ಬಂದು ಸೇರಿದೆ. ಅದಕ್ಕೂ ಚಂದಾ ಎಂದೇ ಹೆಸರು. ಆದರೆ ಸಂಘದ ಚಂದಾ ವಸೂಲಿಗೆ ಕಾರ್ಯದರ್ಶಿಗಳು ನಾಲ್ಕು ಸಲ ಮನೆಯ ಮೆಟ್ಟಿಲು ಹತ್ತಬೇಕು. ಈ ಚಂದಾ ಮಾತ್ರ ನಾವು ಕುರ್ಚಿಯಿಂದ ಏಳುವುದರೊಳಗೆ ಬ್ಯಾಂಕಿನಿಂದ ತಾನಾಗಿಯೇ ಹೊರಟುಹೋಗಿರುತ್ತದೆ. ಟೀವಿಯಲ್ಲಿ, ಫೋನಿನಲ್ಲಿ ಫುಟ್‌ಬಾಲ್ ನೋಡುವ ಚಂದಾದ ಮಾತನ್ನೇ ನಾವು ಆಡುತ್ತಿರುವುದು.

ಧಾರವಾಡದಲ್ಲಿ ಹುಟ್ಟಿದ ತಂದೆಗೆ, ಚೆಂಬೂರಿನಲ್ಲಿ ಬೆಳೆದ ಮಗ ಲಿವರ್‌ಪೂಲ್ ಸೋತಿತೆಂದು ಊಟ ಬಿಡುವುದೇಕೆಂಬುದು ಅರ್ಥವಾಗದು. ಅರ್ಥವಾಗಲೇಬೇಕೆಂದೂ ಇಲ್ಲ, ಆಟದ ಮೋಹಕ್ಕೆ ಊರು ಕೇರಿಗಳ ಹಂಗಿಲ್ಲ. ಆದರೆ ಈ ಚಂದಾ ವರ್ಷ ವರ್ಷಕ್ಕೆ ಏರುವುದೇಕೆ ಎಂಬುದನ್ನು ತಂದೆ ಮಗ ಇಬ್ಬರೂ ತಿಳಿಯತಕ್ಕದ್ದು. ಅದಕ್ಕಾಗಿ ಈ ವ್ಯಾಪಾರದ ತವರಾದ ಇಂಗ್ಲೆಂಡಿಗೇ ಹೋಗಿ ನೋಡಬೇಕು.

ಅಲ್ಲಿಯ ಲೀಗ್ ಪಂದ್ಯವೊಂದನ್ನು ಮೊದಲ ಸಲ ನೇರವಾಗಿ ಟೀವಿಯಲ್ಲಿ ತೋರಿಸಿದ್ದು ೧೯೬೦ರ ಸೆಪ್ಟೆಂಬರ್ ೧೦ರಂದು, ಬ್ಲ್ಯಾಕ್‌ಪೂಲ್ ಮತ್ತು ಬೋಲ್ಟನ್ ತಂಡಗಳು ಆಡಿದಾಗ. ಪ್ರಯೋಗ ಬೇಗನೆ ನಿಂತುಹೋಯಿತು. ಜನ ಮನೆಯಲ್ಲೇ ಕುಳಿತರೆ ಮೈದಾನಗಳು ಬರಿದಾದಾವೆಂದು ಕ್ಲಬ್ಬುಗಳ ಯಜಮಾನರಿಗೆ ಭಯ. ಅಲ್ಲಿಂದ ೧೯೮೩ರ ವರೆಗೆ ಲೀಗ್ ಪಂದ್ಯಗಳು ನೇರವಾಗಿ ಮನೆಗೆ ಬರಲಿಲ್ಲ. ೧೯೬೪ರಲ್ಲಿ ಬಿಬಿಸಿ ಆರಂಭಿಸಿದ ‘ಮ್ಯಾಚ್ ಆಫ್ ದ ಡೇ’ ಎಂಬ ಕಾರ್ಯಕ್ರಮದಲ್ಲಿ ಆಟದ ಮುಖ್ಯ ಭಾಗಗಳನ್ನು ರಾತ್ರಿ ನೋಡಿ ಜನ ತೃಪ್ತರಾಗಿದ್ದರು. ಅದಕ್ಕೆ ಬೇರೆ ಚಂದಾ ಇರಲಿಲ್ಲ. ಟೀವಿ ಇಟ್ಟುಕೊಂಡವರು ವರ್ಷಕ್ಕೊಮ್ಮೆ ಕಟ್ಟುವ ಲೈಸೆನ್ಸಿನಲ್ಲೇ ಎಲ್ಲವೂ ಸೇರಿತ್ತು. ನಮ್ಮಲ್ಲೂ ಹಿರಿಯರಿಗೆ ಅಂಚೆ ಕಚೇರಿಯಲ್ಲಿ ರೇಡಿಯೋ ಲೈಸೆನ್ಸು ಕಟ್ಟಿದ ನೆನಪುಂಟು.

೧೯೮೮ರಲ್ಲಿ ಐಟಿವಿ ಸಂಸ್ಥೆ ನಾಲ್ಕು ವರ್ಷಗಳಿಗೆ ೪ ಕೋಟಿ ೪೦ ಲಕ್ಷ ಪೌಂಡು ಕೊಟ್ಟು ಪ್ರಸಾರದ ಹಕ್ಕನ್ನು ಕೊಂಡಿತು. ಆಗ ಅದೇ ದೊಡ್ಡ ಮೊತ್ತವಾಗಿ ಕಂಡಿತ್ತು. ನಾಲ್ಕೇ ವರ್ಷಗಳಲ್ಲಿ ಕಾಲ ತಿರುಗಿತು. ೧೯೯೨ರಲ್ಲಿ ಮೇಲಿನ ದರ್ಜೆಯ ಕ್ಲಬ್ಬುಗಳು ಹಳೆಯ ಲೀಗಿನಿಂದ ಹೊರಬಂದು ಪ್ರೀಮಿಯರ್ ಲೀಗ್ ಕಟ್ಟಿಕೊಂಡವು. ಅವುಗಳ ನೇರ ಪಂದ್ಯಗಳನ್ನು ಐದು ವರ್ಷಗಳಿಗೆ ೧೯ ಕೋಟಿ ಪೌಂಡಿಗೂ ಮಿಗಿಲಾದ ಹಣಕ್ಕೆ ಸ್ಕೈ ಎಂಬ ಉಪಗ್ರಹ ಟೀವಿ ಸಂಸ್ಥೆ ಹಿಡಿಯಿತು. ತಟ್ಟೆಯಂಥ ಆಂಟೆನಾ ಮನೆಯ ಗೋಡೆಗೆ ಹತ್ತಿತು, ತಿಂಗಳ ಚಂದಾ ಮನೆಯೊಳಗೆ ಇಳಿಯಿತು. ಅಲ್ಲಿಯ ವರೆಗೆ ಸಾಬೂನು ಮಾರುವ ವ್ಯಾಪಾರಿಯ ಜಾಹೀರಾತು ಆಟದ ಖರ್ಚು ಹೊರುತ್ತಿತ್ತು. ಅಂದಿನಿಂದ ಆ ಹೊರೆ ನೋಡುವವನ ಹೆಗಲಿಗೆ ಬಂತು.

ಒಬ್ಬನೇ ಮಾರಾಟಗಾರ ಇದ್ದರೆ ಬೆಲೆ ಏರುತ್ತದೆ, ಇಬ್ಬರಿದ್ದರೆ ಇಳಿಯುತ್ತದೆ ಎಂಬುದು ಸಂತೆಗೆ ಹೋದ ಯಾರಿಗಾದರೂ ಗೊತ್ತಿರುವ ಲೆಕ್ಕ. ಐರೋಪ್ಯ ಆಯೋಗವೂ ಈ ಲೆಕ್ಕವನ್ನೇ ಹಿಡಿದು, ಹಕ್ಕುಗಳೆಲ್ಲ ಒಬ್ಬನ ಕೈಗೇ ಹೋಗಬಾರದೆಂದು ಪಟ್ಟುಹಿಡಿಯಿತು. ಅದರಂತೆ ೨೦೦೭ರಿಂದ ಪಂದ್ಯಗಳ ಒಂದು ಪಾಲು ಸೆಟಾಂಟಾ ಎಂಬ ಇನ್ನೊಂದು ಸಂಸ್ಥೆಗೆ ಹೋಯಿತು. ನೋಡುವವನ ಖರ್ಚು ಇಳಿಯಿತೆ? ಇಲ್ಲ. ಮೊದಲು ಒಂದು ಚಂದಾ ಕಟ್ಟುತ್ತಿದ್ದವನು ಈಗ ಎರಡು ಕಟ್ಟಬೇಕಾಯಿತು.

ಇದು ಹೇಗೆಂದು ಕೇಳುವವರಿಗೆ ಹಾಲಿನವರ ಉದಾಹರಣೆ ಕೊಡುತ್ತೇವೆ. ಬೀದಿಗೆ ಇಬ್ಬರು ಹಾಲಿನವರು ಬಂದರೆ ಒಬ್ಬನು ನೀರು ಬೆರೆಸಿದಾಗ ಇನ್ನೊಬ್ಬನ ಬಳಿ ಹೋಗಬಹುದು. ಆ ಭಯಕ್ಕೆ ಇಬ್ಬರೂ ನೇರ್ಪಾಗಿರುತ್ತಾರೆ. ಆದರೆ ಸೋಮವಾರದ ಹಾಲು ಒಬ್ಬನ ಬಳಿ ಮಾತ್ರ, ಮಂಗಳವಾರದ್ದು ಇನ್ನೊಬ್ಬನ ಬಳಿ ಮಾತ್ರ ಎಂದು ಊರಗೌಡರು ಹರಾಜು ಹಾಕಿದರೆ? ಇಬ್ಬರೂ ಸ್ಪರ್ಧಿಗಳಲ್ಲ, ತಮ್ಮ ತಮ್ಮ ದಿನಕ್ಕೆ ತಾವೇ ಅರಸರು. ಸ್ಪರ್ಧೆ ನಡೆಯುವುದು ಗೌಡರ ಚಾವಡಿಯ ಹರಾಜಿನಲ್ಲಿ, ನಮ್ಮ ಬಾಗಿಲಲ್ಲಿ ಅಲ್ಲ. ಹರಾಜಿನಲ್ಲಿ ಪೈಪೋಟಿ ಬಿಸಿಯಾದಷ್ಟೂ ಹಾಲಿನ ದರ ಏರುತ್ತದೆ. ಫುಟ್‌ಬಾಲಿನ ಚಂದಾ ಏರಿದ ಗುಟ್ಟು ಇಷ್ಟೇ. ಇದನ್ನು ಬಿಟ್ಟು ಒಂದು ಕಂಪನಿಯ ದುರಾಸೆಯನ್ನಷ್ಟೇ ಬೈದು ಕೂಡುವುದು ನಮಗೆ ಸರಿದೋರುವುದಿಲ್ಲ.

ಸೆಟಾಂಟಾ ೨೦೦೯ರಲ್ಲಿ ಮುಳುಗಿತು. ೨೦೧೩ರಲ್ಲಿ ದೂರವಾಣಿಯ ದೊಡ್ಡ ಸಂಸ್ಥೆ ಬಿಟಿ ಕಣಕ್ಕಿಳಿಯಿತು. ೨೦೧೫ರಲ್ಲಿ ಇಬ್ಬರು ಸಿರಿವಂತರು ಎದುರುಬದುರಾಗಿ ಕೂಗಿದ ಹರಾಜಿನಲ್ಲಿ ಮುಂದಿನ ಮೂರು ಋತುಗಳ ಬೆಲೆ ೫೧೩ ಕೋಟಿ ಪೌಂಡು ದಾಟಿತು. ಒಂದೊಂದು ಪಂದ್ಯಕ್ಕೆ ಒಂದು ಕೋಟಿ ಪೌಂಡಿಗೂ ಹೆಚ್ಚು! ೨೦೧೯ರಿಂದ ೨೦೨೫ರ ವರೆಗೆ ಅಮೆಜಾನಿಗೂ ಒಂದು ತುಂಡು ಸಿಕ್ಕಿತು, ಅಲ್ಲಿಗೆ ಚಂದಾ ಮೂರಾಯಿತು. ೨೦೨೩ರ ಡಿಸೆಂಬರಿನಲ್ಲಿ ಆದ ಒಪ್ಪಂದದಂತೆ ೨೦೨೫ರಿಂದ ೨೦೨೯ರ ವರೆಗಿನ ನಾಲ್ಕು ಋತುಗಳಿಗೆ ೬೭೦ ಕೋಟಿ ಪೌಂಡು. ಇದರಲ್ಲೊಂದು ಚಮತ್ಕಾರವಿದೆ. ತೋರಿಸುವ ಪಂದ್ಯಗಳ ಸಂಖ್ಯೆ ವರ್ಷಕ್ಕೆ ೨೭೦ರ ಹತ್ತಿರ ಹೋದುದರಿಂದ ಒಂದು ಪಂದ್ಯದ ಬೆಲೆ ಹಿಂದಿಗಿಂತ ಇಳಿದೇ ಇದೆ. ಆದರೆ ನಮಗೆ ಬೇಕಾದುದು ನಮ್ಮ ಒಂದು ತಂಡದ ಆಟ. ಮಾರುವವನು ಕೊಡುವುದು ಇಡೀ ಗೋಣಿಚೀಲ. ಅಷ್ಟು ಪಂದ್ಯಗಳನ್ನು ನೋಡುತ್ತ ಕೂತರೆ ಕೆಲಸಕ್ಕೆ ಹೋಗುವವರಾರು?

ಇಷ್ಟಾದರೂ ಶನಿವಾರ ಮಧ್ಯಾಹ್ನ ಮೂರಕ್ಕೆ ಆರಂಭವಾಗುವ ಪಂದ್ಯಗಳನ್ನು ಇಂಗ್ಲೆಂಡಿನಲ್ಲಿ ನೇರವಾಗಿ ತೋರಿಸುವಂತಿಲ್ಲ. ಚಿಕ್ಕ ಊರುಗಳ ಮೈದಾನಕ್ಕೆ ಜನ ಬರಲಿ ಎಂದು ೧೯೬೦ರ ದಶಕದಲ್ಲಿ ಹಾಕಿದ ಕಟ್ಟು ಅದು. ಮ್ಯಾಂಚೆಸ್ಟರಿನವನಿಗೆ ತನ್ನ ಊರಿನ ಟೀವಿಯಲ್ಲಿ ಸಿಗದ ಪಂದ್ಯವನ್ನು ಮಾಟುಂಗದ ಹುಡುಗ ರಾತ್ರಿ ಊಟದ ಹೊತ್ತಿಗೆ ನೋಡಿದ್ದುಂಟು.

ಪೋರ್ಟ್ಸ್‌ಮತ್ತಿನಲ್ಲಿ ಪಬ್ ನಡೆಸುತ್ತಿದ್ದ ಕರೆನ್ ಮರ್ಫಿ ಎಂಬ ಹೆಂಗಸು ಈ ಬೆಲೆಗೆ ಸೊಪ್ಪುಹಾಕಲಿಲ್ಲ. ಗ್ರೀಸ್ ದೇಶದ ಟೀವಿ ಸಂಸ್ಥೆಯ ಅಗ್ಗದ ಕಾರ್ಡು ತರಿಸಿ ತನ್ನ ಗಿರಾಕಿಗಳಿಗೆ ಪಂದ್ಯ ತೋರಿಸಿದಳು. ಆಟ ಅದೇ, ಚೆಂಡು ಅದೇ, ಮಾತು ಮಾತ್ರ ಗ್ರೀಕು. ಮೊಕದ್ದಮೆಯಾಗಿ ದಂಡ ಬಿತ್ತು. ಆಕೆ ಬಿಡದೆ ಐರೋಪ್ಯ ನ್ಯಾಯಾಲಯದ ವರೆಗೆ ಹೋದಳು. ಬೇರೆ ದೇಶದ ಕಾರ್ಡನ್ನು ನಿಷೇಧಿಸುವುದು ಒಕ್ಕೂಟದ ಕಾನೂನಿಗೆ ವಿರುದ್ಧವೆಂದು ೨೦೧೧ರ ಅಕ್ಟೋಬರಿನಲ್ಲಿ ಆ ನ್ಯಾಯಾಲಯ ಹೇಳಿತು. ಮರುವರ್ಷ ಲಂಡನ್ನಿನ ಹೈಕೋರ್ಟು ಆಕೆಯ ಮೇಲಿನ ಶಿಕ್ಷೆಯನ್ನು ತೆಗೆದುಹಾಕಿತು.

ಇದಕ್ಕಿಂತಲೂ ನಮ್ಮ ಮನಸ್ಸಿಗೆ ಹಿಡಿದದ್ದು ೨೦೨೦ರ ಸಂಗತಿ. ಮಹಾಮಾರಿಯ ಕಾಲ; ಮೈದಾನಗಳಿಗೆ ಬೀಗ. ಋತುವಿನ ಟಿಕೆಟು ಇದ್ದವರಿಗೂ ಟೀವಿಯಲ್ಲದೆ ಗತಿಯಿಲ್ಲ. ಅಂಥ ಹೊತ್ತಿನಲ್ಲಿ, ಮಾಮೂಲು ಚಂದಾಕ್ಕೆ ಸೇರದ ಪಂದ್ಯಗಳಿಗೆ ಒಂದೊಂದಕ್ಕೆ ೧೪ ಪೌಂಡು ೯೫ ಪೆನ್ಸ್ ಪ್ರತ್ಯೇಕವಾಗಿ ಕೊಡಬೇಕೆಂದು ಅಕ್ಟೋಬರಿನಲ್ಲಿ ಪ್ರೀಮಿಯರ್ ಲೀಗ್ ಗೊತ್ತುಮಾಡಿತು. ನ್ಯೂಕ್ಯಾಸಲ್ ತಂಡದ ಅಭಿಮಾನಿಗಳು ಕೂಗಾಡಲಿಲ್ಲ, ಕಲ್ಲೆಸೆಯಲಿಲ್ಲ. ಪಂದ್ಯ ನೋಡುವುದನ್ನು ಬಿಟ್ಟು, ಅದಕ್ಕೆ ಕೊಡಬೇಕಾದ ಹಣವನ್ನು ಊರಿನ ಬಡವರಿಗೆ ಆಹಾರ ಹಂಚುವ ಭಂಡಾರಕ್ಕೆ ಕಳಿಸಿದರು. ಒಂದೇ ಪಂದ್ಯಕ್ಕೆ ಸಾವಿರಾರು ಪೌಂಡು ಕೂಡಿತು. ಬೇರೆ ಊರಿನ ಅಭಿಮಾನಿಗಳು, ಮೈದಾನದಲ್ಲಿ ಒಬ್ಬರನ್ನೊಬ್ಬರು ಹಳಿಯುವ ವೈರಿಗಳು ಸಹ, ಅದೇ ದಾರಿ ಹಿಡಿದರು. ನವೆಂಬರಿನಲ್ಲಿ ಆ ಏರ್ಪಾಡನ್ನು ಕೈಬಿಡಲಾಯಿತು. ಬೆಲೆ ವಿಪರೀತವೆಂದು ತೋರಿಸಲು ಇದಕ್ಕಿಂತ ಸಭ್ಯವಾದ ದಾರಿಯನ್ನು ನಾವಂತೂ ಕಂಡಿಲ್ಲ.

ಫ್ರಾನ್ಸಿನಲ್ಲಿ ನಡೆದದ್ದು ಮಾರುವವರಿಗೇ ಪಾಠ. ಅಲ್ಲಿಯ ಲೀಗಿನ ಹಕ್ಕನ್ನು ಭಾರಿ ಬೆಲೆಗೆ ಹಿಡಿದ ಮೀಡಿಯಾಪ್ರೋ ಎಂಬ ಸಂಸ್ಥೆ ೨೦೨೦ರಲ್ಲಿ ತಿಂಗಳಿಗೆ ೨೫ ಯೂರೋ ೯೦ರ ಚಂದಾ ಇಟ್ಟಿತು; ಸಾಕಷ್ಟು ಜನ ಬರಲಿಲ್ಲ, ಆ ವರ್ಷ ಮುಗಿಯುವ ಮೊದಲೇ ಒಪ್ಪಂದ ಮುರಿಯಿತು. ೨೦೨೪ರಲ್ಲಿ ಬಂದ ಡಜ಼ೋನ್ ಸಂಸ್ಥೆ ಸುಮಾರು ೩೦ ಯೂರೋ ಕೇಳಿ ಒಂದೇ ಋತುವಿಗೆ ಹಿಂದೆ ಸರಿಯಿತು. ಕೊನೆಗೆ ೨೦೨೫ರಲ್ಲಿ ಲೀಗ್ ತಾನೇ ಸ್ವಂತ ಚಾನೆಲ್ ತೆರೆದು ೧೪ ಯೂರೋ ೯೯ಕ್ಕೆ ಇಳಿಯಿತು. ಸುಂಕದ ಕಟ್ಟೆಯ ಎದುರು ಜನ ಗಾಡಿ ತಿರುಗಿಸಿಕೊಂಡು ಹೋಗುವುದೂ ಉಂಟಷ್ಟೆ.

ಇನ್ನು ನಮ್ಮ ಮನೆಗಳ ಮಾತು. ಇಂಗ್ಲೆಂಡಿನವರ ಹೊರೆಗೆ ಹೋಲಿಸಿದರೆ ಇಂಡಿಯಾದಲ್ಲಿ ನಾವು ಕೊಡುವುದು ಚಿಲ್ಲರೆ. ಕೆಲವು ಸಲ ಏನೂ ಕೊಡದೆ ನೋಡಿದ್ದೂ ಇದೆ. ಸ್ಪೇನಿನ ಲೀಗನ್ನು ೨೦೧೮ರಿಂದ ೨೦೨೧ರ ವರೆಗೆ ಫೇಸ್‌ಬುಕ್ಕಿನಲ್ಲಿ, ೨೦೨೨ರ ವಿಶ್ವಕಪ್ಪನ್ನು ಜಿಯೋಸಿನಿಮಾದಲ್ಲಿ ಪುಕ್ಕಟೆಯಾಗಿ ತೋರಿಸಿದರು. ಪುಕ್ಕಟೆ ಎಂಬುದು ಮೊದಲ ತಿಂಗಳ ಪಾನ್ ಅಂಗಡಿಯ ಸಾಲದಂತೆ; ರುಚಿ ಹತ್ತಿದ ಮೇಲೆ ಲೆಕ್ಕದ ಚೀಟಿ ಬರುತ್ತದೆ.

ಆದರೆ ಹಣಕ್ಕಿಂತ ಹೆಚ್ಚಾಗಿ ನಾವು ಚಿಂತಿಸತಕ್ಕದ್ದು ಇನ್ನೊಂದಿದೆ. ೨೦೨೧ರ ಸೆಪ್ಟೆಂಬರಿನಲ್ಲಿ ಡಿಸ್ನಿ ಹಾಟ್‌ಸ್ಟಾರ್ ಮೂರು ದರಗಳನ್ನಿಟ್ಟಿತು: ವರ್ಷಕ್ಕೆ ೪೯೯, ೮೯೯ ಮತ್ತು ೧೪೯೯ ರೂಪಾಯಿ. ಎಲ್ಲಕ್ಕೂ ಅಗ್ಗವಾದದ್ದು ಒಂದೇ ಫೋನಿನಲ್ಲಿ ನೋಡುವುದಕ್ಕೆ. ಟೀವಿಯಲ್ಲಿ ಬೇಕಾದರೆ ಮೇಲಿನ ದರ. ಸಂಸಾರವಂದಿಗರು ಯಾವುದನ್ನು ಆರಿಸುತ್ತಾರೆಂದು ಹೇಳಬೇಕಿಲ್ಲ. ಪರಿಣಾಮವೇನು? ಮಗ ಒಳಕೋಣೆಯಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕುಳಿತ. ಹೊರಗೆ ಅಜ್ಜ ಆರಿದ ಟೀವಿಯ ಎದುರು ಕುಳಿತ. ಹಿಂದೆ ಮೊಮ್ಮಗ ‘ಆಫ್‌ಸೈಡ್’ ಎಂದರೇನೆಂದು ಅಜ್ಜನಿಗೆ ಕನ್ನಡದಲ್ಲಿ ವಿವರಿಸಬೇಕಾಗುತ್ತಿತ್ತು. ಅಜ್ಜ ತಿಳಿಯದವನಂತೆ ಮತ್ತೆ ಮತ್ತೆ ಕೇಳುತ್ತಿದ್ದ. ಶಾಲೆಯಲ್ಲಿ ಮರಾಠಿ, ಆಟದಂಗಳದಲ್ಲಿ ಹಿಂದಿ, ಕೆಲಸದಲ್ಲಿ ಇಂಗ್ಲಿಷು ಆಗಿರುವ ನಮ್ಮ ಮಕ್ಕಳು ಒಂದೂವರೆ ತಾಸು ಬಿಡದೆ ಕನ್ನಡ ಆಡುವ ಎಡೆಗಳು ಎಷ್ಟು ಉಳಿದಿವೆ? ಆ ಒಂದೂವರೆ ತಾಸಿಗೆ ಮೇಲಿನ ದರ ಕೊಡುವುದು ದುಂದುಗಾರಿಕೆ ಎಂದು ನಮಗೆ ತೋರುವುದಿಲ್ಲ. ಬೇಕಿದ್ದರೆ ಎರಡು ಫೋನಿನ ಚಂದಾ ಬಿಟ್ಟು ಒಂದು ಟೀವಿಯ ಚಂದಾ ಇಟ್ಟುಕೊಳ್ಳಿರಿ.

ಕೆಲವು ತಿಳಿವಳಿಕೆಯ ಮಾತು. ೨೦೧೯ರಲ್ಲಿ ಜಾರಿಗೆ ಬಂದ ಟ್ರಾಯ್ ನಿಯಮದಂತೆ ಕೇಬಲ್ಲಿನವರೂ ಡಿಟಿಎಚ್‌ನವರೂ ಚಾನೆಲ್ಲುಗಳನ್ನು ಬಿಡಿಯಾಗಿ ಕೇಳಿದವರಿಗೆ ಬಿಡಿಯಾಗಿಯೇ ಕೊಡತಕ್ಕದ್ದು. ‘ಪ್ಯಾಕು ತೊಗೊಳ್ಳಿ, ಅಗ್ಗ’ ಎಂದರೆ ಒಂದು ಗಳಿಗೆ ಲೆಕ್ಕ ಹಾಕಿರಿ. ವಿಶ್ವಕಪ್ಪಿನ ಅಂತಿಮ ಪಂದ್ಯದಂಥ ಕೆಲವನ್ನು ಹಕ್ಕು ಹಿಡಿದವರು ೨೦೦೭ರ ಕಾನೂನಿನ ಮೇರೆಗೆ ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಬೇಕು. ಆದರೆ ಹಾಗೆ ಹಂಚಿಕೊಂಡದ್ದು ಖಾಸಗಿ ಕೇಬಲ್ಲಿನಲ್ಲಿ ಬರತಕ್ಕದ್ದಲ್ಲವೆಂದು ೨೦೧೭ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಅದಕ್ಕೆ ತಿಂಗಳ ಬಾಡಿಗೆ ಇಲ್ಲದ ದೂರದರ್ಶನದ ಫ್ರೀ ಡಿಶ್ ಬೇಕು. ತಾನಾಗಿ ಹೋಗುವ ಚಂದಾದ ಬಗ್ಗೆ ಬ್ಯಾಂಕು ೨೪ ತಾಸು ಮೊದಲು ಸೂಚನೆ ಕಳಿಸಬೇಕೆಂಬುದು ರಿಜ಼ರ್ವ್ ಬ್ಯಾಂಕು ೨೦೨೧ರಲ್ಲಿ ತಂದ ನಿಯಮ. ಆ ಸೂಚನೆಯನ್ನು ಓದದೆ ಅಳಿಸಬೇಡಿರಿ. ಲೀಗ್ ಮುಗಿದ ಮೇಲಿನ ಬೇಸಿಗೆ ತಿಂಗಳುಗಳ ಚಂದಾ ಉಳಿಸಲು ಅದೇ ಹೊತ್ತು. ಮನೆಯ ಚಂದಾದಿಂದ ಸಂಘದ ಸಭಾಗೃಹದಲ್ಲಿ ಪಂದ್ಯ ತೋರಿಸೋಣವೆಂದು ತರುಣರು ಕೇಳುವುದುಂಟು. ಅದು ಸಲ್ಲದು, ಮನೆಯ ಚಂದಾ ಮನೆಗೆ ಮಾತ್ರ.

ಚಂದಾ ಇಲ್ಲದೆ, ಎಲ್ಲರೂ ಒಟ್ಟಿಗೆ ನೋಡುವ ದಾರಿ ಇನ್ನೊಂದಿದೆ. ೨೦೧೯ರ ಮಾರ್ಚ್ ೧೭ರಂದು ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯ ನಡೆದದ್ದು ನಮ್ಮ ಅಂಧೇರಿಯ ಮೈದಾನದಲ್ಲೇ. ಬೆಂಗಳೂರು ತಂಡ ಗೋವಾವನ್ನು ಒಂದು ಗೋಲಿನಿಂದ ಗೆದ್ದಿತು. ಹೆಚ್ಚಿನ ಸಮಯದಲ್ಲಿ, ೧೧೭ನೆಯ ನಿಮಿಷಕ್ಕೆ, ತಲೆಯಿಂದ ಚೆಂಡನ್ನು ಗೋಲಿಗೆ ಸೇರಿಸಿದ ರಾಹುಲ್ ಭೇಕೆ ಮುಂಬಯಿಯಲ್ಲೇ ಹುಟ್ಟಿದವನು. ಬೆಂಗಳೂರು ತಂಡ ಮತ್ತೆ ಇಲ್ಲಿಗೆ ಆಡಲು ಬರುವ ದಿನ ಗೊತ್ತಾದಾಗ, ಹತ್ತು ಮನೆಯವರು ಕೂಡುವುದಾದರೆ ಸಂಘದ ಕಚೇರಿಗೆ ಒಂದು ಸಾಲು ತಿಳಿಸಿರಿ. ಟಿಕೆಟು ತರಿಸುವ ಹೊಣೆ ನಮ್ಮದು; ಚಕ್ಕುಲಿ, ಚುರುಮುರಿ ನಿಮ್ಮದು.