ಯಾದಗಿರಿಯ ಮಕ್ಕಳ ಪರವಾಗಿ ಒಂದು ವಿಜ್ಞಾಪನೆ



ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದೊಡನೆ ಜಿಲ್ಲೆಗಳನ್ನೆಲ್ಲ ಮೊದಲಿನಿಂದ ಕಡೆಯವರೆಗೆ ಸಾಲಾಗಿ ನಿಲ್ಲಿಸಿ ತೋರಿಸುವ ಪದ್ಧತಿ ನಮ್ಮಲ್ಲಿ ಬೇರೂರಿದೆ. 2024ರ ಸಾಲಿನಲ್ಲಿ ಉಡುಪಿ ಶೇಕಡ 94ರೊಡನೆ ಅಗ್ರಸ್ಥಾನದಲ್ಲಿಯೂ ಯಾದಗಿರಿ ಶೇಕಡ 50.59ರೊಡನೆ ಅಂತ್ಯದಲ್ಲಿಯೂ ನಿಂತವು. ಈ ಎರಡು ಅಂಕಿಗಳನ್ನಷ್ಟೇ ಕಂಡವರಿಗೆ, ಒಂದೆಡೆಯ ಮಕ್ಕಳು ಬುದ್ಧಿವಂತರು, ಇನ್ನೊಂದೆಡೆಯವರು ಮಂದಮತಿಗಳು, ಅಥವಾ ಒಂದೆಡೆಯ ಉಪಾಧ್ಯಾಯರು ಶ್ರದ್ಧಾವಂತರು, ಇನ್ನೊಂದೆಡೆಯವರು ಅಲಸಿಗಳು ಎಂಬ ಭಾವನೆ ಮೂಡದಿರದು. ಆ ಭಾವನೆ ಅಸತ್ಯವಾದುದು. ಯಾದಗಿರಿಯ ಮಕ್ಕಳಿಗೆ ನ್ಯಾಯವಾಗಿ ಸಲ್ಲತಕ್ಕದ್ದನ್ನು ಸಲ್ಲಿಸದಿರಲು ನೆಪವನ್ನೊದಗಿಸುವುದರಿಂದ ಹಾನಿಕರವೂ ಆದುದು.

2009ರ ಡಿಸೆಂಬರ್ 30ರಂದು ಗುಲ್ಬರ್ಗದಿಂದ ಬೇರ್ಪಟ್ಟು, ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರು ತಾಲ್ಲೂಕುಗಳಿಂದ ರೂಪುಗೊಂಡ ಈ ಚಿಕ್ಕ ಜಿಲ್ಲೆಯಲ್ಲಿ, 2011ರ ಜನಗಣತಿಯಂತೆ ಹನ್ನೊಂದು ಮುಕ್ಕಾಲು ಲಕ್ಷಕ್ಕೆ ತುಸು ಕಡಿಮೆ ಜನರಿದ್ದರು. ಅವರಲ್ಲಿ ಐವರಿಗೆ ನಾಲ್ವರು ಹಳ್ಳಿಗರು. ಮೂರನೆಯ ಒಂದು ಪಾಲಿಗಿಂತ ಹೆಚ್ಚಿನವರು ಪರಿಶಿಷ್ಟ ಜಾತಿ ಪಂಗಡಗಳವರು. ರಾಜ್ಯದ ಸಾಕ್ಷರತೆ ಶೇಕಡ 75.36 ಇದ್ದಾಗ ಇಲ್ಲಿ ಅದು 51.83, ಹೆಂಗಸರಲ್ಲಂತೂ ನೂರರಲ್ಲಿ ಅರುವತ್ತಕ್ಕೆ ಸಮೀಪದಷ್ಟು ಮಂದಿ ಅಕ್ಷರವರಿಯದವರು. ಆ ಗಣತಿಯ ಕಾಲಕ್ಕೆ ಮೂರು ವರ್ಷದ ಕೂಸುಗಳಾಗಿದ್ದವರೇ 2024ರಲ್ಲಿ ಪರೀಕ್ಷೆಗೆ ಕುಳಿತರು. ಅವರ ತಾಯಂದಿರೂ ಅಜ್ಜಿಯರೂ ಆ ಲೆಕ್ಕದಲ್ಲಿ ಸೇರಿದವರು. ಮನೆಯಲ್ಲಿ ಪುಸ್ತಕವನ್ನು ಬಿಡಿಸಿ ಹೇಳಿಕೊಡುವವರೊಬ್ಬರೂ ಇಲ್ಲದೆ, ಮನೆತನದಲ್ಲೇ ಮೊದಲಿಗನಾಗಿ ಬೀಜಗಣಿತದವರೆಗೆ ನಡೆದುಬಂದ ಹುಡುಗನು ಎಷ್ಟು ದೂರ ನಡೆದನೆಂಬುದು, ಅವನು ಎಲ್ಲಿ ನಿಂತನೆಂಬುದನ್ನು ಮಾತ್ರ ಹೇಳುವ ಪಟ್ಟಿಯಲ್ಲಿ ಕಾಣುವುದಿಲ್ಲ.

ಇತಿಹಾಸವೂ ಇಲ್ಲಿ ಸಾಕ್ಷಿ ನುಡಿಯುತ್ತದೆ. ಬಾಸೆಲ್ ಮಿಷನ್ನಿನವರು 1834ರಲ್ಲಿಯೇ ಮಂಗಳೂರಿಗೆ ಬಂದು ಕರಾವಳಿಯಲ್ಲಿ ಶಾಲೆಗಳನ್ನು ತೆರೆದರು. ಮೈಸೂರು ಸಂಸ್ಥಾನದಲ್ಲಿ 1913ರಲ್ಲಿ ಪ್ರಾಥಮಿಕ ಶಿಕ್ಷಣದ ಶಾಸನವಾಯಿತು. ಯಾದಗಿರಿಯ ಸೀಮೆಯಾದರೋ 1948ರ ಸೆಪ್ಟೆಂಬರಿನವರೆಗೂ ನಿಜಾಮರ ಆಳ್ವಿಕೆಯಲ್ಲಿದ್ದು, ಆಡಳಿತಕ್ಕೂ ಮೇಲಿನ ವ್ಯಾಸಂಗಕ್ಕೂ ಉರ್ದುವೇ ಮಾಧ್ಯಮವಾಗಿದ್ದುದರಿಂದ, ಕನ್ನಡವನ್ನಾಡುವ ರೈತನ ಮಗನಿಗೆ ಶಾಲೆಯೆಂಬುದು ಬಹುಕಾಲ ಪರರ ಮನೆಯಾಗಿಯೇ ಉಳಿಯಿತು. ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿ 2002ರಲ್ಲಿ ವರದಿಯೊಪ್ಪಿಸಿದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ ಅತ್ಯಂತ ಹಿಂದುಳಿದವೆಂದು ಹೆಸರಿಸಿದ 39 ತಾಲ್ಲೂಕುಗಳಲ್ಲಿ ಯಾದಗಿರಿ, ಶಹಾಪುರ, ಸುರಪುರ ಮೂರೂ ಸೇರಿವೆ.

ಇಂದಿನ ಕಷ್ಟಗಳಲ್ಲಿ ಅತಿ ಮುಖ್ಯವಾದುದು ಗುಳೆ. ನಾರಾಯಣಪುರದ ಕಾಲುವೆಯ ನೀರು ಹರಿಯುವ ಊರುಗಳನ್ನು ಬಿಟ್ಟರೆ ಮಿಕ್ಕೆಡೆ ಮಳೆಯನ್ನೇ ನಂಬಿದ ಬೇಸಾಯ. ತೊಗರಿ ಹತ್ತಿಗಳ ಸುಗ್ಗಿ ಮುಗಿದ ಮೇಲೆ ಹಳ್ಳಿಯಲ್ಲಿ ಕೂಲಿಯಿಲ್ಲ. ಆಗ ತಂದೆ ತಾಯಿಗಳು ಮೂಟೆ ಕಟ್ಟಿಕೊಂಡು ಬೆಂಗಳೂರಿಗೋ ಪುಣೆ ಮುಂಬಯಿಗಳಿಗೋ ಕಟ್ಟಡದ ಕೆಲಸಕ್ಕೆ ಹೊರಡುತ್ತಾರೆ. ಪರೀಕ್ಷೆ ನಡೆಯುವುದು ಬೇಸಗೆಯ ಮೊದಲಿನಲ್ಲಿ. ಗುಳೆ ಹೊರಡುವುದು ಅದಕ್ಕೆ ತಿಂಗಳುಗಳ ಮುಂಚೆ. ಹತ್ತಿ ಬಿಡಿಸುವ ದಿನಗಳಲ್ಲಿಯಂತೂ ಊರಲ್ಲಿ ಉಳಿದ ಮಕ್ಕಳೂ ಹೊಲದಲ್ಲಿರುತ್ತಾರೆ, ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕಾದ ಹುಡುಗಿಯರು ಮನೆಯಲ್ಲಿರುತ್ತಾರೆ. ಇದಕ್ಕೆ ಭಾಷೆಯ ತೊಡಕು ಬೇರೆ: ತಾಂಡಾದ ಮಗು ಮನೆಯಲ್ಲಿ ಲಂಬಾಣಿಯನ್ನೂ, ಗುರುಮಠಕಲ್ ಕಡೆಯ ಮಗು ತೆಲುಗನ್ನೂ ಆಡುತ್ತ ಬೆಳೆದು, ಆರನೆಯ ವಯಸ್ಸಿನಲ್ಲಿ ಕನ್ನಡ ಪುಸ್ತಕವನ್ನು ಎದುರಿಸಬೇಕಾಗುತ್ತದೆ. ಒಂದೆರಡು ವರ್ಷ ಆ ಮಗುವಿನೊಡನೆ ಅದರ ಮಾತಿನಲ್ಲಿಯೇ ಸಂಭಾಷಿಸಬಲ್ಲ ಉಪಾಧ್ಯಾಯರಿದ್ದರೆ ಎಷ್ಟೋ ಮಕ್ಕಳು ಶಾಲೆ ಬಿಡುತ್ತಿರಲಿಲ್ಲವೆಂದು ನಾವು ದೃಢವಾಗಿ ನಂಬುತ್ತೇವೆ.

ಹಾಗೆಂದು ಜನಸ್ಥಿತಿಯನ್ನು ವೈಫಲ್ಯದ ಸಮರ್ಥನೆಯಾಗಿ ಬಳಸುವುದನ್ನು ನಾವು ಒಪ್ಪೆವು. 2024ರಲ್ಲಿ ರಾಜ್ಯದಾದ್ಯಂತ ಕೃಪಾಂಕಗಳನ್ನು ಶೇಕಡ 10ರಿಂದ 20ಕ್ಕೆ ಏರಿಸಲಾಯಿತು. ಅದರ ಮೇಲೆಯೂ ಯಾದಗಿರಿ ಅರ್ಧಕ್ಕೇ ನಿಂತಿತು. ಓದಲು ಬಾರದ ಮಗುವಿಗೆ ಅಂಕವನ್ನು ದಾನ ಮಾಡಿದರೆ ಓದು ಬರುವುದಿಲ್ಲ. ಶೇಕಡವಾರು ಫಲಿತಾಂಶದಲ್ಲಿ ಇನ್ನೊಂದು ದೋಷವೂ ಅಡಗಿದೆ: ಪರೀಕ್ಷೆಗೆ ಕುಳಿತವರನ್ನು ಮಾತ್ರ ಅದು ಎಣಿಸುತ್ತದೆ, ಎಂಟನೆಯ ತರಗತಿಯಲ್ಲಿಯೇ ಬಿಟ್ಟುಹೋದವರು ಅದರ ಪಾಲಿಗೆ ಹುಟ್ಟಿಯೇ ಇಲ್ಲ. ದುರ್ಬಲರನ್ನು ಮೆಲ್ಲನೆ ಹೊರಗಟ್ಟಿದ ಶಾಲೆಗೆ ಕೀರ್ತಿಯೂ, ಅವರನ್ನು ಹಿಡಿದುಕೊಂಡು ಪರೀಕ್ಷೆಯವರೆಗೆ ತಂದ ಶಾಲೆಗೆ ಅಪಕೀರ್ತಿಯೂ ಬರುವಂತಹ ಅಳತೆಯನ್ನು ನಾವು ಅಳತೆಯೆಂದು ಹೇಗೆ ಒಪ್ಪೋಣ?

ಸಂವಿಧಾನದ 371(ಜೆ) ವಿಧಿಯಿಂದ ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಆ ಭಾಗದ ಕಾಲೇಜುಗಳಲ್ಲಿ ಶೇಕಡ 70ರಷ್ಟು ಸ್ಥಾನಗಳೂ, ಸರ್ಕಾರಿ ಹುದ್ದೆಗಳಲ್ಲಿ ದೊಡ್ಡ ಪಾಲೂ ಮೀಸಲಾದುದು ಮಹದುಪಕಾರವೇ ಸರಿ. ಆದರೆ ಅದೆಲ್ಲ ಹತ್ತನೆಯ ತರಗತಿಯ ಬಾಗಿಲನ್ನು ದಾಟಿದವರಿಗೆ. ಒಂದನೆಯ ತರಗತಿಯಲ್ಲಿ ಮುಗ್ಗರಿಸಿದ ಮಗುವಿಗೆ ಆ ವಿಧಿಯ ಫಲ ಎಂದಿಗೂ ಮುಟ್ಟದು. ಮನಸ್ಸು ಮಾಡಿದರೆ ಸರ್ಕಾರದಿಂದ ಏನಾದೀತೆಂಬುದಕ್ಕೆ ನಿದರ್ಶನವೂ ಇದೇ ಜಿಲ್ಲೆಯಲ್ಲಿದೆ: 2021ರ ಡಿಸೆಂಬರಿನಲ್ಲಿ ಮಕ್ಕಳ ಅಪೌಷ್ಟಿಕತೆಯನ್ನು ಮನಗಂಡು ಬಿಸಿಯೂಟದೊಡನೆ ಮೊಟ್ಟೆ ಕೊಡಲಾರಂಭಿಸಿದ ಏಳು ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು, ಪ್ರತಿಭಟನೆಗಳಿಗೆ ಜಗ್ಗದೆ ಮುಂದುವರಿದ ಆ ಕಾರ್ಯ ಮರುವರ್ಷ ರಾಜ್ಯಕ್ಕೆಲ್ಲ ವ್ಯಾಪಿಸಿತು.

ಅಂತಹ ಸಂಕಲ್ಪವನ್ನೇ ಕಲಿಕೆಯ ವಿಷಯದಲ್ಲಿಯೂ ತೋರಬೇಕೆಂದು ನಾವು ಕೇಳುತ್ತೇವೆ. ಜೂನ್ ತಿಂಗಳಿಗೆ ಮುನ್ನವೇ ಖಾಲಿ ಹುದ್ದೆಗಳಿಗೆ ಕಾಯಂ ಶಿಕ್ಷಕರು ಬರತಕ್ಕದ್ದು. ಅತಿಥಿ ಶಿಕ್ಷಕರ ಭರವಸೆಯ ಮೇಲೆ ಗಣಿತವನ್ನೂ ಇಂಗ್ಲಿಷನ್ನೂ ವರ್ಷಗಟ್ಟಲೆ ನಡೆಸುವುದು ನಿಲ್ಲತಕ್ಕದ್ದು. ಗುಳೆ ಹೋಗುವವರ ಮಕ್ಕಳಿಗೆ ಸುಗ್ಗಿಯಿಂದ ಪರೀಕ್ಷೆಯವರೆಗೆ ಊರಿನ ಹತ್ತಿರದಲ್ಲಿಯೇ ಊಟ ವಸತಿಗಳ ಏರ್ಪಾಡಾಗಬೇಕು. ಹುಡುಗಿಯರಿಗೆ ನಡೆದು ಹೋಗಿಬರುವಷ್ಟು ದೂರದಲ್ಲಿ ಪ್ರೌಢಶಾಲೆ, ಇಲ್ಲವಾದರೆ ನಂಬತಕ್ಕ ಬಸ್ಸು ಬೇಕು. ಮುಂದೆ ಫಲಿತಾಂಶದ ಪಟ್ಟಿ ಪ್ರಕಟವಾಗುವಾಗ, ಪ್ರತಿ ಜಿಲ್ಲೆಯ ಹೆಸರಿನ ಮುಂದೆ, ಹತ್ತು ವರ್ಷದ ಹಿಂದೆ ಒಂದನೆಯ ತರಗತಿಗೆ ಸೇರಿದವರೆಷ್ಟು, ಪರೀಕ್ಷೆಗೆ ಕುಳಿತವರೆಷ್ಟು, ಮನೆಯಲ್ಲಿ ಮೊದಲ ಬಾರಿಗೆ ಓದುತ್ತಿರುವವರೆಷ್ಟು, ಯಾವ ವಿಷಯಕ್ಕೆ ಎಷ್ಟು ತಿಂಗಳು ಶಿಕ್ಷಕರಿರಲಿಲ್ಲ ಎಂಬ ವಿವರಗಳನ್ನೂ ಅಚ್ಚು ಹಾಕಿಸಬೇಕು. ಪಾಲಕರು ತಮ್ಮೂರ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಈ ಪ್ರಶ್ನೆಗಳನ್ನೇ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿಸಿ, ಅದರ ನಕಲನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ತಮ್ಮ ಶಾಸಕರಿಗೂ ತಲುಪಿಸಬೇಕೆಂದು ಪ್ರಾರ್ಥನೆ.